ನಂಬರ್ ನೋಡೋಕ್ ಮುಂಚೆ ತಾರೀಖು ನೋಡಿ: ಹಾರ್ಮೋನ್ ಟೆಸ್ಟ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳನ್ನೆಲ್ಲ ಹರಡ್ಕೊಂಡು ಕೂತೆ. ಮಗು ಆಗ್ತಿಲ್ಲ ಅಂತ ಬರೆದಿರೋ ಹೆಣ್ಮಕ್ಕಳು ಸುಮಾರು ಜನ ರಿಪೋರ್ಟಿನ ನಂಬರ್‌ಗಳನ್ನ ಪಾಯಿಂಟ್ ಸಮೇತ ಬರೆದು ಕಳ್ಸಿದೀರಿ, ಆದ್ರೆ ರಕ್ತ ಕೊಟ್ಟಿದ್ದು ಮುಟ್ಟಾದ ಎಷ್ಟನೇ ದಿನ ಅಂತ ಹೆಚ್ಚಿನವರು ಬರೆದಿಲ್ಲ. ನನ್ನ ಹತ್ರ ಯಾರೇ ರಿಪೋರ್ಟ್ ತಗೊಂಡ್ ಬಂದ್ರೂ ನಾನು ಮೊದಲು ಮಾಡೋದು, ಮೇಲ್ಗಡೆ ಸಣ್ಣಕ್ಷರದಲ್ಲಿ ಸ್ಯಾಂಪಲ್ ತಗೊಂಡ ತಾರೀಖು ಇರತ್ತಲ್ಲ ಅದಕ್ಕೊಂದು ಸುತ್ತು ಹಾಕಿ, ಪಕ್ಕದಲ್ಲಿ ಆ ತಿಂಗಳು ಮುಟ್ಟಾದ ತಾರೀಖು ಕೇಳಿ ಪೆನ್ನಲ್ಲಿ ಬರ್ಕೊಳ್ಳೋದು. ಆ ಎರಡು ತಾರೀಖು ಇಲ್ದೆ ಕೆಲವು ಹಾರ್ಮೋನ್ ನಂಬರ್‌ಗಳಿಗೆ ಅರ್ಥಾನೇ ಇಲ್ಲ. ಇದನ್ನ ಮನಸಲ್ಲಿಟ್ಕೊಂಡು ಮುಂದೆ ಓದಿ.

ಪ್ರಶ್ನೆ: ಮೇಡಂ ನಂಗೆ 31 ವರ್ಷ, ಮಗುಗೋಸ್ಕರ ಟ್ರೈ ಮಾಡೋಕ್ ಶುರು ಮಾಡಿ 14 ತಿಂಗಳಾಯ್ತು, ಪೀರಿಯಡ್ಸ್ 28-30 ದಿನಕ್ಕೆ ಕರೆಕ್ಟಾಗಿ ಆಗತ್ತೆ. ಎಎಂಎಚ್ ಟೆಸ್ಟ್ ಮಾಡಿಸಿದಾಗ 0.9 ಬಂತು. ಮೊಟ್ಟೆ ಎಲ್ಲ ಖಾಲಿ ಆಗ್ತಾ ಇದೆ, ತಡ ಮಾಡಿದ್ರೆ ಸ್ವಂತ ಮಗು ಆಗಲ್ಲ ಅಂದ್ರು. ಅವತ್ತಿಂದ ನಿದ್ದೆ ಇಲ್ಲ, ನಿಜವಾಗ್ಲೂ ನನ್ನ ಕಥೆ ಮುಗೀತಾ?

ಉತ್ತರ: ಮುಗ್ದಿಲ್ಲಮ್ಮ. ಮೊದಲು ಈ ಎಎಂಎಚ್ ಅಂದ್ರೇನು ತಿಳ್ಕೊಳ್ಳಿ. ಅಂಡಾಶಯದಲ್ಲಿ ಬೆಳೆಯೋಕ್ ಶುರು ಮಾಡಿರೋ ಸಣ್ಣ ಸಣ್ಣ ಫಾಲಿಕಲ್‌ಗಳಿರ್ತವೆ, ಅಂಡಾಣು ಕೂತಿರೋ ಪುಟ್ಟ ಚೀಲಗಳು ಅಂತಿಟ್ಕೊಳ್ಳಿ, ಅವುಗಳ ಸುತ್ತ ಇರೋ ಜೀವಕೋಶಗಳು ಬಿಡೋ ಹಾರ್ಮೋನ್ ಇದು. ಚೀಲಗಳು ಜಾಸ್ತಿ ಇದ್ರೆ ಎಎಂಎಚ್ ಜಾಸ್ತಿ, ಕಮ್ಮಿ ಇದ್ರೆ ಕಮ್ಮಿ. ಅಷ್ಟೇ ಅದು ಹೇಳೋದು, ಎಣಿಕೆ. ಒಳಗಿರೋ ಅಂಡಾಣು ಚೆನ್ನಾಗಿದೆಯಾ ಇಲ್ವಾ ಅಂತ ಅದು ಹೇಳಲ್ಲ, ಅಂಡಾಣುವಿನ ಗುಣಮಟ್ಟಕ್ಕೆ ವಯಸ್ಸು ಇದಕ್ಕಿಂತ ದೊಡ್ಡ ಸೂಚನೆ, ನಿಮಗಿನ್ನೂ 31.

ಇನ್ನೊಂದು, ಸಹಜವಾಗಿ ಬಸಿರಾಗೋಕೆ ತಿಂಗಳಿಗೆ ಬೇಕಾಗಿರೋದು ಒಂದೇ ಅಂಡಾಣು. ನಿಮ್ಮ ಪೀರಿಯಡ್ಸ್ ಸರಿಯಾಗಿ ಬರ್ತಿದೆ ಅಂದ್ರೆ ಹೆಚ್ಚಾಗಿ ಆ ಒಂದು ಪ್ರತಿ ತಿಂಗಳೂ ಬಿಡುಗಡೆ ಆಗ್ತಾನೇ ಇದೆ ಅಂತ ಅರ್ಥ. 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂದಿತ್ತು, 30ರಿಂದ 44 ವರ್ಷದ ಸುಮಾರು 750 ಹೆಂಗಸರು, ಬಂಜೆತನದ ಇತಿಹಾಸ ಇಲ್ಲದೇ ಇರೋರು, ಆಗತಾನೇ ಮಗುಗೆ ಟ್ರೈ ಮಾಡೋಕ್ ಶುರು ಮಾಡಿದ್ದೋರು. ಅವರಲ್ಲಿ ಎಎಂಎಚ್ ಕಮ್ಮಿ ಇದ್ದವರೂ ನಾರ್ಮಲ್ ಇದ್ದವರೂ ಬಸಿರಾಗೋ ಸಾಧ್ಯತೆಯಲ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಂತ ನಿಮಗೆ ಸುಮ್ನೆ ಕಾಯ್ತಾ ಕೂತ್ಕೊಳ್ಳಿ ಅಂತ ಹೇಳಲ್ಲ, ಯಾಕಂದ್ರೆ ಆ ಹೆಂಗಸರು ಆಗಷ್ಟೇ ಶುರು ಮಾಡಿದ್ದೋರು, ನಿಮಗೆ ಒಂದು ವರ್ಷ ದಾಟಿದೆ. ಒಂದು ವರ್ಷ ದಾಟಿದ್ರೆ, 35 ಮೇಲ್ಪಟ್ಟೋರಿಗೆ ಆರು ತಿಂಗಳು ದಾಟಿದ್ರೆ, ತಪಾಸಣೆ ಮಾಡಿಸ್ಲೇಬೇಕು.

ಆದ್ರೆ ತಪಾಸಣೆ ಅಂದ್ರೆ ಎಎಂಎಚ್ ಒಂದೇ ಅಲ್ಲ. ನಿಮ್ಮ ಫಾಲೋಪಿಯನ್ ಟ್ಯೂಬ್ (ಅಂಡಾಣು ಗರ್ಭಕೋಶಕ್ಕೆ ಹೋಗೋ ನಳಿಕೆ) ಓಪನ್ ಇದೆಯಾ ನೋಡೋಕೆ ಎಚ್‌ಎಸ್‌ಜಿ ಎಕ್ಸ್‌ರೇ ಆಗಿದೆಯಾ? ಯಜಮಾನರ ವೀರ್ಯ ಪರೀಕ್ಷೆ ಆಗಿದೆಯಾ? ಪತ್ರದಲ್ಲಿ ಎರಡೂ ಇಲ್ಲ. ಎರಡೂ ಟ್ಯೂಬ್ ಬ್ಲಾಕ್ ಆಗಿದ್ರೆ ಎಎಂಎಚ್ 5 ಇದ್ರೂ ಸಹಜವಾಗಿ ಮಗು ಆಗಲ್ಲ, ಯಾವ ಹಾರ್ಮೋನ್ ಟೆಸ್ಟಲ್ಲೂ ಅದು ಗೊತ್ತಾಗಲ್ಲ. ಎಎಂಎಚ್ ನಿಜವಾಗಿ ಉಪಯೋಗಕ್ಕೆ ಬರೋದು ಐವಿಎಫ್‌ಗೆ ಇಂಜೆಕ್ಷನ್ ಕೊಟ್ರೆ ಎಷ್ಟು ಅಂಡಾಣು ಸಿಗಬಹುದು, ಡೋಸ್ ಎಷ್ಟಿಡಬೇಕು ಅಂತ ಅಂದಾಜು ಮಾಡೋಕೆ. ಎಣಿಕೆ ಕಮ್ಮಿ ಇದೆ ಅನ್ನೋದು ಮುಂದಿನ ಹೆಜ್ಜೆಗಳನ್ನ ವರ್ಷಗಟ್ಲೆ ಎಳೆಯದೇ ಮಾಡೋಕೆ ಒಂದು ಕಾರಣ, ಆಸೆ ಬಿಡೋಕೆ ಕಾರಣ ಅಲ್ಲ.

ಎರಡು ಸಣ್ಣ ವಿಷಯ ಚೆಕ್ ಮಾಡ್ಕೊಳ್ಳಿ. ರಿಪೋರ್ಟಲ್ಲಿ ಯುನಿಟ್ ಏನಿದೆ? ಕೆಲವು ಲ್ಯಾಬ್ ನ್ಯಾನೋಗ್ರಾಂನಲ್ಲಿ ಕೊಡ್ತಾರೆ, ಕೆಲವು ಪಿಕೋಮೋಲ್‌ನಲ್ಲಿ, 0.9 ನ್ಯಾನೋಗ್ರಾಂ ಅಂದ್ರೆ ಪಿಕೋಮೋಲ್‌ನಲ್ಲಿ ಹತ್ರತ್ರ 6.4 ಆಗತ್ತೆ, ಬೇರೆಯವರ ನಂಬರ್ ಜೊತೆ ಹೋಲಿಸಿ ಹೆದರ್ಕೊಳ್ಳೋರು ತುಂಬಾ ಜನ. ಇನ್ನೊಂದು, ಟೆಸ್ಟ್ ಟೈಮಲ್ಲಿ ಅಥವಾ ಸ್ವಲ್ಪ ಮುಂಚೆ ಗರ್ಭನಿರೋಧಕ ಮಾತ್ರೆ ತಗೊಳ್ತಿದ್ರಾ? ಅದ್ರಿಂದ ಎಎಂಎಚ್ ಇರೋದಕ್ಕಿಂತ ಕಮ್ಮಿ ತೋರ್ಸತ್ತೆ, ನಿಲ್ಸಿ ಕೆಲವು ತಿಂಗಳಾದ್ಮೇಲೆ ಸಾಮಾನ್ಯವಾಗಿ ಮೇಲೆ ಬರತ್ತೆ. ಸ್ಕ್ಯಾನಿಂಗಲ್ಲಿ ಮುಟ್ಟಿನ ಶುರುವಿನ ದಿನಗಳಲ್ಲಿ ಎರಡೂ ಅಂಡಾಶಯದ ಫಾಲಿಕಲ್ ಎಣಿಸ್ತಾರೆ, ಅದನ್ನೂ ಮಾಡಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ಲಿ.

ಪ್ರಶ್ನೆ: ನಂಗೆ ಮುಟ್ಟು 36 ದಿನಕ್ಕೆ ಆಗತ್ತೆ, ಒಂದೊಂದ್ಸಲ 40. ಡಾಕ್ಟ್ರು 21ನೇ ದಿನ ಪ್ರೊಜೆಸ್ಟರಾನ್ ಮಾಡಿಸಿ ಅಂದ್ರು, 0.8 ಬಂತು, ಅಂಡಾಣು ಬಿಡುಗಡೆನೇ ಆಗ್ತಿಲ್ಲ ಅಂತ ಮಾತ್ರೆ ಬರೆದಿದಾರೆ. ತಗೋಬೇಕಾ?

ಉತ್ತರ: ಈ 21ನೇ ದಿನ ಅನ್ನೋದು ಎಷ್ಟು ಜನರನ್ನ ಸುಮ್‌ಸುಮ್ನೆ ಅಳಿಸಿದೆ ಅಂತ ನಂಗೆ ಗೊತ್ತು, ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತೀನಿ.

ಅಂಡಾಣು ಬಿಡುಗಡೆ ಆದ್ಮೇಲೆ ಆ ಒಡೆದ ಫಾಲಿಕಲ್ಲೇ ಪ್ರೊಜೆಸ್ಟರಾನ್ ತಯಾರು ಮಾಡೋಕ್ ಶುರು ಮಾಡತ್ತೆ, ಸುಮಾರು ಒಂದು ವಾರಕ್ಕೆ ಅದು ತುದಿಗೆ ಹೋಗಿ ಮುಟ್ಟತ್ತೆ, ಬಸಿರಾಗದೇ ಇದ್ರೆ ಆಮೇಲೆ ಇಳಿಯತ್ತೆ, ಇಳಿದಾಗ ಮುಟ್ಟಾಗತ್ತೆ. ಅಂಡಾಣು ಬಿಟ್ಟಾಗಿಂದ ಮುಟ್ಟಾಗೋ ತನಕ ಹೆಚ್ಚಿನವರಲ್ಲಿ 12-14 ದಿನ, ಇದು ಅಷ್ಟೊಂದು ಬದಲಾಗಲ್ಲ, ಬದಲಾಗೋದು ಅದಕ್ಕಿಂತ ಮುಂಚಿನ ಭಾಗ. ಹಾಗಾಗಿ 28 ದಿನದ ಚಕ್ರ ಇರೋರಲ್ಲಿ 14ರ ಆಸುಪಾಸು ಬಿಡುಗಡೆ, 21ಕ್ಕೆ ಪ್ರೊಜೆಸ್ಟರಾನ್ ತುದಿ, ಅಲ್ಲಿಂದ ಬಂದಿದ್ದು ಈ 21. ನಿಮ್ಮದು 36 ಅಂದ್ರೆ ಬಿಡುಗಡೆ ಆಗೋದೇ 22-24ರ ಹೊತ್ತಿಗೆ. ನೀವು ರಕ್ತ ಕೊಟ್ಟಾಗ ಅದಿನ್ನೂ ಆಗೇ ಇರಲಿಲ್ಲ, ಹಾಗಿದ್ಮೇಲೆ 0.8 ಬರದೇ ಇನ್ನೇನು ಬರತ್ತೆ? ಆ ರಿಪೋರ್ಟಿನಿಂದ ಆಗ್ತಿದೆ ಅಂತಾನೂ ಹೇಳೋಕಾಗಲ್ಲ, ಇಲ್ಲ ಅಂತಾನೂ ಹೇಳೋಕಾಗಲ್ಲ.

ಮಾಡಿಸ್ಬೇಕಾಗಿದ್ದು ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ, ನಿಮಗೆ 29ರ ಹತ್ರ. ಮುಂದಿನ ಮುಟ್ಟು ಯಾವಾಗ ಅಂತ ಯಾರಿಗೆ ಗೊತ್ತು ಅಂತೀರಾ, ಸರಿ, ಅದಕ್ಕೇ ಚಕ್ರ ಏರುಪೇರು ಇರೋರಿಗೆ 28ನೇ ದಿನ ಒಂದ್ಸಲ ಮಾಡಿ, ಕಮ್ಮಿ ಇದ್ರೆ ವಾರಕ್ಕೊಂದ್ಸಲ ಮುಟ್ಟಾಗೋವರೆಗೂ ಮಾಡ್ತಾರೆ. ಯಾವುದಾದ್ರೂ ಒಂದ್ಸಲ 3 ನ್ಯಾನೋಗ್ರಾಂ ದಾಟಿದ್ರೆ ಆ ತಿಂಗಳು ಬಿಡುಗಡೆ ಆಗಿದೆ ಅಂತ ಲೆಕ್ಕ. ಆಮೇಲೆ ನಂದು 9, ಅವಳದು 17 ಅಂತ ಹೋಲಿಸ್ಕೊಂಡು ಕೊರಗ್ಬೇಡಿ, ಈ ಹಾರ್ಮೋನ್ ಅಲೆ ಅಲೆಯಾಗಿ ಬರೋದು, ಅದೇ ದಿನ ಬೆಳಿಗ್ಗೆ ಒಂದು ನಂಬರ್ ಸಂಜೆ ಇನ್ನೊಂದು ನಂಬರ್ ಬರತ್ತೆ.

ಹಾಗಂತ ನಿಮಗೇನೂ ಇಲ್ಲ ಅಂತ ಅಲ್ಲ. 35 ದಿನ ದಾಟೋ ಚಕ್ರವನ್ನ ನಾವು ನಾರ್ಮಲ್ ಅನ್ನಲ್ಲ, ಕಾರಣ ಹುಡುಕ್ಬೇಕು. ಥೈರಾಯ್ಡ್‌ಗೆ ಟಿಎಸ್‌ಎಚ್, ಎದೆಹಾಲು ಬರ್ಸೋ ಹಾರ್ಮೋನ್ ಪ್ರೊಲ್ಯಾಕ್ಟಿನ್, ಆಮೇಲೆ ಪಿಸಿಓಎಸ್, ಅಂದ್ರೆ ಹಾರ್ಮೋನ್ ಏರುಪೇರಾಗಿ ಅಂಡಾಣು ಬಿಡುಗಡೆ ತಪ್ಪೋ ತೊಂದರೆ, ಇದೆಯಾ ಅಂತ. ಪಿಸಿಓಎಸ್ ಅನ್ನೋಕೆ ಮೂರರಲ್ಲಿ ಎರಡು ಇರ್ಬೇಕು, ಮುಟ್ಟು ಏರುಪೇರು, ಗಂಡು ಹಾರ್ಮೋನ್ ಜಾಸ್ತಿ (ರಕ್ತದಲ್ಲಿ ಟೆಸ್ಟೋಸ್ಟೆರಾನ್ ಆದ್ರೂ ಸರಿ, ಗಲ್ಲದ ಮೇಲೆ ಗಟ್ಟಿ ಕೂದಲು ಬರೋದಾದ್ರೂ ಸರಿ), ಇಲ್ಲಾ ಸ್ಕ್ಯಾನಿಂಗಲ್ಲಿ ಸಣ್ಣ ಫಾಲಿಕಲ್ ತುಂಬಾ ಕಾಣೋದು. ವಯಸ್ಕರಲ್ಲಿ ಸ್ಕ್ಯಾನ್ ಬದಲು ಎಎಂಎಚ್ ಜಾಸ್ತಿ ಇರೋದನ್ನೂ ತಗೋಬಹುದು ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳತ್ತೆ. ಅಂಡಾಶಯನ ನಡೆಸೋ ಎರಡು ಹಾರ್ಮೋನ್‌ಗಳಲ್ಲಿ ಎಲ್‌ಎಚ್ ಅನ್ನೋದು ಎಫ್‌ಎಸ್‌ಎಚ್‌ಗಿಂತ ಎರಡು ಪಟ್ಟು ಇದ್ರೆ ಪಿಸಿಓಎಸ್ ಅಂತ ಹಿಂದೆ ಹೇಳ್ತಿದ್ರು, ಈಗ ಆ ಲೆಕ್ಕ ನಿಯಮದಲ್ಲಿಲ್ಲ. ಜೊತೆಗೆ ಬೆಳಿಗ್ಗೆ ಹೊತ್ತು 17 ಹೈಡ್ರಾಕ್ಸಿ ಪ್ರೊಜೆಸ್ಟರಾನ್ ಅಂತ ಒಂದು ಟೆಸ್ಟ್ ಮಾಡ್ತಾರೆ, ಅಡ್ರಿನಲ್ ಗ್ರಂಥಿಯ ಒಂದು ಹುಟ್ಟು ತೊಂದರೆ ಪಿಸಿಓಎಸ್ ತರಾನೇ ಕಾಣೋದ್ರಿಂದ. ಪಿಸಿಓಎಸ್ ಅಂತಾದ್ರೆ ಶುಗರ್ ಟೆಸ್ಟ್ ಕೂಡ ಮಾಡಿಸಿ, ಬಸಿರಾದ್ಮೇಲೆ ಗೊತ್ತಾಗೋದಕ್ಕಿಂತ ಮುಂಚೆ ಗೊತ್ತಾದ್ರೆ ಒಳ್ಳೇದು.

ಮಾತ್ರೆ ಬಗ್ಗೆ ಕೇಳಿದ್ರಿ. ಡಾಕ್ಟ್ರ ಹತ್ರ ವಾಪಸ್ ಹೋಗಿ, ನನ್ನ ಚಕ್ರ 36 ದಿನ, 21ಕ್ಕೆ ಕೊಟ್ಟಿದ್ದು ರಕ್ತ, ಇನ್ನೊಂದ್ಸಲ ನೋಡೋಣ್ವಾ ಅಂತ ಕೇಳಿ. ಕೇಳೋದ್ರಲ್ಲಿ ತಪ್ಪೇನಿಲ್ಲ. ಮುಟ್ಟು ಇಷ್ಟು ತಡ ಆಗೋರಿಗೆ ಆ ಮಾತ್ರೆ ಕೊನೆಗೆ ಬೇಕಾಗ್ಲೂಬಹುದು, ಆದ್ರೆ ಥೈರಾಯ್ಡು ಪ್ರೊಲ್ಯಾಕ್ಟಿನ್ನು ನೋಡದೇ, ಯಜಮಾನರ ಟೆಸ್ಟ್ ಮಾಡದೇ ಶುರು ಮಾಡೋದು ನಂಗೆ ಸರಿ ಅನ್ಸಲ್ಲ.

ಪ್ರಶ್ನೆ: ಎಫ್‌ಎಸ್‌ಎಚ್ ಎರಡನೇ ದಿನ ಮಾಡಿಸಿ ಅಂತಾರೆ. ನಂಗೆ ಎರಡು ದಿನ ಬರೀ ಕಲೆ ಕಾಣ್ಸತ್ತೆ, ಆಮೇಲೆ ರಾತ್ರಿ ಹತ್ತಕ್ಕೆ ಜೋರಾಗಿ ಶುರು ಆಗತ್ತೆ. ಯಾವುದು ಮೊದಲ ದಿನ? ಖಾಲಿ ಹೊಟ್ಟೇಲಿ ಹೋಗ್ಬೇಕಾ?

ಉತ್ತರ: ಕಲೆ ಲೆಕ್ಕಕ್ಕಿಲ್ಲ. ಪ್ಯಾಡ್ ಬೇಕೇಬೇಕು ಅನ್ನೋ ಥರ ಹರಿಯೋಕೆ ಶುರುವಾದ ದಿನ ಮೊದಲ ದಿನ, ರಾತ್ರಿ ಹೊತ್ತಲ್ಲಿ ಶುರುವಾದ್ರೆ ಮಾರನೇ ದಿನವನ್ನ ಒಂದು ಅಂತ ಎಣಿಸಿ. ಎರಡು, ಮೂರು, ನಾಲ್ಕು, ಯಾವ ದಿನ ಕೊಟ್ರೂ ನಡಿಯತ್ತೆ, ಭಾನುವಾರ ಲ್ಯಾಬ್ ಇಲ್ಲ ಅಂತ ಗಾಬರಿ ಬೇಡ. ಖಾಲಿ ಹೊಟ್ಟೆ ಎಫ್‌ಎಸ್‌ಎಚ್, ಎಲ್‌ಎಚ್, ಎಎಂಎಚ್‌ಗೆ ಬೇಡ, ಜೊತೇಲಿ ಶುಗರ್ ಅಥವಾ ಇನ್ಸುಲಿನ್ ಬರೆದಿದ್ರೆ ಮಾತ್ರ ಬೇಕು.

ಒಂದು ವಿಷಯ ಬಿಡ್ಬೇಡಿ, ಎಫ್‌ಎಸ್‌ಎಚ್ ಜೊತೆ ಅದೇ ರಕ್ತದಲ್ಲಿ ಎಸ್ಟ್ರಾಡಯೋಲ್ (ಅಂಡಾಶಯ ಬಿಡೋ ಈಸ್ಟ್ರೊಜೆನ್) ಕೂಡ ನೋಡ್ಬೇಕು. ಎಫ್‌ಎಸ್‌ಎಚ್ ಅಂದ್ರೆ ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಅಂಡಾಶಯನ ಕೆಲಸಕ್ಕೆ ಎಬ್ಬಿಸೋಕೆ ಕಳ್ಸೋ ಕೂಗು. ಅಂಡಾಶಯ ಸುಸ್ತಾದಷ್ಟೂ ಕೂಗು ಜೋರು, 10 ದಾಟ್ತಾ ಹೋದ್ರೆ ಅಂಡಾಣು ಸಂಗ್ರಹ ಕಮ್ಮಿ ಆಗ್ತಿದೆಯೇನೋ ಅಂತ ಯೋಚ್ನೆ ಮಾಡ್ತೀವಿ. ಆದ್ರೆ ಎರಡನೇ ದಿನಾನೇ ಎಸ್ಟ್ರಾಡಯೋಲ್ 80 ದಾಟಿದ್ರೆ ಅದು ಆ ಕೂಗನ್ನ ಅದುಮಿ ಎಫ್‌ಎಸ್‌ಎಚ್ 6, 7 ಅಂತ ಚೆಂದವಾಗಿ ತೋರ್ಸತ್ತೆ. ಅಂಥ ರಿಪೋರ್ಟನ್ನ ನಾರ್ಮಲ್ ಅಂತ ಫೈಲಲ್ಲಿಟ್ಟು ಮರ್ತಿರೋದನ್ನ ಒಂದೆರಡು ಸಲ ಅಲ್ಲ, ತುಂಬಾ ಸಲ ನೋಡಿದೀನಿ.

ಪ್ರಶ್ನೆ: ಪ್ರೊಲ್ಯಾಕ್ಟಿನ್ 46 ಬಂದಿದೆ. ನೆಟ್ಟಲ್ಲಿ ನೋಡಿದ್ರೆ ಬ್ರೈನ್ ಟ್ಯೂಮರ್ ಅಂತ ಇದೆ, ಯಾರಿಗೂ ಹೇಳೋಕಾಗ್ತಿಲ್ಲ. ಮುಟ್ಟು ಸರಿ ಇದೆ. ಗ್ಯಾಸ್ಟ್ರಿಕ್‌ಗೆ ಎರಡು ತಿಂಗಳಿಂದ ಮಾತ್ರೆ ತಗೊಳ್ತಿದೀನಿ ಅಷ್ಟೇ, ಬೇರೇನೂ ಇಲ್ಲ.

ಉತ್ತರ: ಆ ಅಷ್ಟೇ ಅಂತ ಬರೆದ್ರಲ್ಲ, ಉತ್ತರ ಅಲ್ಲೇ ಇರಬಹುದು. ಮಾತ್ರೆ ಶೀಟ್ ತಿರುಗ್ಸಿ ಹಿಂದುಗಡೆ ಸಣ್ಣಕ್ಷರ ಓದಿ. ಡೋಂಪೆರಿಡೋನ್, ಲೆವೊಸಲ್ಪಿರೈಡ್, ಮೆಟೊಕ್ಲೊಪ್ರಮೈಡ್, ಈ ಮೂರರಲ್ಲಿ ಯಾವುದಾದ್ರೂ ಇದೆಯಾ? ಆ್ಯಸಿಡ್ ಕಮ್ಮಿ ಮಾಡೋ ಔಷಧದ ಜೊತೆ ಒಂದೇ ಕ್ಯಾಪ್ಸೂಲಲ್ಲಿ ಸೇರ್ಸಿರ್ತಾರೆ, ಹೆಸರಿನ ಕೊನೇಲಿ ಎರಡಕ್ಷರ ಅಂಟಿಸಿರೋದ್ರಿಂದ ನಮಗೆ ಗೊತ್ತೇ ಆಗಲ್ಲ. ಇವು ಡೋಪಮೈನ್ ಕೆಲಸನ ತಡೀತವೆ, ಪ್ರೊಲ್ಯಾಕ್ಟಿನ್‌ಗೆ ಕಡಿವಾಣ ಹಾಕೋದೇ ಡೋಪಮೈನ್, ಕಡಿವಾಣ ಬಿಟ್ರೆ ಅದು ಏರತ್ತೆ. ಡಾಕ್ಟ್ರಿಗೆ ಹೇಳಿ ಬದಲಾಯಿಸ್ಕೊಂಡು ಮತ್ತೆ ಟೆಸ್ಟ್ ಮಾಡಿಸಿ. ಮಾನಸಿಕ ಕಾಯಿಲೆಯ ಕೆಲವು ಔಷಧಗಳೂ ಇದೇ ಥರ ಏರ್ಸತ್ತೆ, ಆದ್ರೆ ಅವನ್ನ ತಗೊಳ್ತಿರೋ ಓದುಗರು ದಯವಿಟ್ಟು ನೀವಾಗೇ ನಿಲ್ಲಿಸ್ಬೇಡಿ, ಬರೆದ ಡಾಕ್ಟ್ರನ್ನೇ ಕೇಳಿ.

ಮತ್ತೆ ಮಾಡಿಸೋವಾಗ ಎದ್ದು ಎರಡು ಮೂರು ಗಂಟೆ ಆದ್ಮೇಲೆ ಬೆಳಿಗ್ಗೆ ಹೋಗಿ, ನಿದ್ದೇಲಿ ಇದು ಏರಿರತ್ತೆ. ಓಡ್ಕೊಂಡು ಮೆಟ್ಲು ಹತ್ಕೊಂಡು ಹೋಗಿ ತೋಳು ಚಾಚ್ಬೇಡಿ, ಹತ್ತಿಪ್ಪತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ, ಸೂಜಿ ಭಯಕ್ಕೂ ಏರೋ ಹಾರ್ಮೋನ್ ಇದು. ಟಿಎಸ್‌ಎಚ್ ಜೊತೆಗೇ ಮಾಡಿಸಿ, ಥೈರಾಯ್ಡ್ ಕಮ್ಮಿ ಕೆಲಸ ಮಾಡಿದ್ರೂ ಪ್ರೊಲ್ಯಾಕ್ಟಿನ್ ಏರತ್ತೆ, ಥೈರಾಯ್ಡ್ ಮಾತ್ರೆಯಿಂದ್ಲೇ ಎರಡೂ ಸರಿ ಹೋಗತ್ತೆ. ನಿಮ್ಮ ಥರ ಮುಟ್ಟು ಸರಿಯಾಗಿದ್ದೂ ನಂಬರ್ ಜಾಸ್ತಿ ಬರೋರಲ್ಲಿ ಮ್ಯಾಕ್ರೋಪ್ರೊಲ್ಯಾಕ್ಟಿನ್ ಅಂತ, ಉಂಡೆ ಕಟ್ಟಿಕೊಂಡು ಕೆಲಸಕ್ಕೆ ಬಾರದ ರೂಪದಲ್ಲಿರೋ ಹಾರ್ಮೋನ್ ಇರೋದೂ ಉಂಟು, ಲ್ಯಾಬಿಗೆ ಕೇಳಿದ್ರೆ ಬೇರ್ಪಡಿಸಿ ಹೇಳ್ತಾರೆ, ಅದಕ್ಕೆ ಚಿಕಿತ್ಸೆನೇ ಬೇಡ.

ಇದೆಲ್ಲ ಆಗಿಯೂ ಜಾಸ್ತಿ ಉಳಿದ್ರೆ ಆಗ ಎಂಆರ್‌ಐ. ಅದ್ರಲ್ಲಿ ಪಿಟ್ಯುಟರಿಯಲ್ಲಿ ಗಂಟು ಕಂಡ್ರೂನೂ ಅದು ಕ್ಯಾನ್ಸರ್ ಆಗಿರೋದು ತೀರಾ ಅಪರೂಪ, ಹೆಚ್ಚಿನವು ಕೆಲವೇ ಮಿಲಿಮೀಟರ್ ದಪ್ಪದವು, ವಾರಕ್ಕೆ ಒಂದೆರಡು ಸಲ ತಗೊಳ್ಳೋ ಕ್ಯಾಬರ್ಗೋಲಿನ್ ಮಾತ್ರೆಗೆ ಇಳಿಯತ್ತೆ. ಯಾರಿಗೂ ಹೇಳೋಕಾಗ್ತಿಲ್ಲ ಅಂದ್ರಿ, ಇವತ್ತು ರಾತ್ರಿನೇ ಯಜಮಾನರಿಗೆ ಹೇಳಿ.

ಪ್ರಶ್ನೆ: ಹೋದ ವರ್ಷ ಟಿಎಸ್‌ಎಚ್ 2.4 ಇತ್ತು, ಈಗ 0.1, ಟಿ4 ಜಾಸ್ತಿ. ನಂಗೇನೂ ತೊಂದ್ರೆ ಇಲ್ಲ, ತೂಕ ಇಳ್ದಿಲ್ಲ, ಎದೆ ಡವಡವ ಇಲ್ಲ. ಕೂದಲು ಉದುರತ್ತೆ ಅಂತ ವಿಟಮಿನ್ ತಗೊಳ್ತೀನಿ.

ಉತ್ತರ: ಕೂದಲಿನ ವಿಟಮಿನ್ ಅಂದ್ರೆ ಬಯೋಟಿನ್ ಇರತ್ತೆ. ಅದು ನಿಮ್ಮ ಥೈರಾಯ್ಡ್‌ಗೆ ಏನೂ ಮಾಡಿರಲ್ಲ, ಲ್ಯಾಬಿನ ಮೆಷಿನ್‌ಗೆ ಮೋಸ ಮಾಡಿರತ್ತೆ. ಎಷ್ಟೋ ಟೆಸ್ಟ್ ಕಿಟ್‌ಗಳು ಬಯೋಟಿನ್ ಅಂಟಿಕೊಳ್ಳೋ ಗುಣದ ಮೇಲೇ ಕೆಲಸ ಮಾಡೋದು, ರಕ್ತದಲ್ಲಿ ಅದು ಜಾಸ್ತಿ ಇದ್ರೆ ಟಿಎಸ್‌ಎಚ್ ಸುಳ್ಳು ಸುಳ್ಳೇ ಕಮ್ಮಿ, ಥೈರಾಯ್ಡ್ ಹಾರ್ಮೋನ್ ಟಿ4 ಸುಳ್ಳು ಸುಳ್ಳೇ ಜಾಸ್ತಿ ತೋರ್ಸತ್ತೆ, ಎಸ್ಟ್ರಾಡಯೋಲ್, ಪ್ರೊಜೆಸ್ಟರಾನ್, ಟೆಸ್ಟೋಸ್ಟೆರಾನ್ ಕೂಡ ಹೀಗೇ ಕೆಡತ್ತೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದ್ರ ಬಗ್ಗೆ ಎಚ್ಚರಿಕೆನೇ ಕೊಟ್ಟಿತ್ತು. ಮೂರು ದಿನ ಮಾತ್ರೆ ನಿಲ್ಸಿ, ಲ್ಯಾಬಿಗೂ ಹೇಳಿ, ಮತ್ತೆ ಕೊಡಿ. ಆಗ್ಲೂ ಹೀಗೇ ಬಂದ್ರೆ ನಿಜವಾದ ಥೈರಾಯ್ಡ್ ತೊಂದ್ರೆ ಅಂತ ನೋಡೋಣ.

ಪ್ರಶ್ನೆ: ವಯಸ್ಸು 34. ಐದು ತಿಂಗಳಿಂದ ಮುಟ್ಟಿಲ್ಲ, ಎಫ್‌ಎಸ್‌ಎಚ್ 48. ಮೆನೋಪಾಸ್ ಅಂದ್ಬಿಟ್ರು. ಆ ರೂಮಿಂದ ಹೇಗೆ ಹೊರಗೆ ಬಂದೆ ಅಂತ ನೆನಪಿಲ್ಲ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದ್ದೆ. ನಿಮಗೆ ಆ ಪದ ಹೇಳಿದ ರೀತಿ ಸರಿ ಇಲ್ಲ, ಪದಾನೂ ಸರಿ ಇಲ್ಲ. 40ಕ್ಕೆ ಮುಂಚೆ ನಾಲ್ಕು ತಿಂಗಳಾದ್ರೂ ಮುಟ್ಟು ನಿಂತು ಅಥವಾ ಏರುಪೇರಾಗಿ, ಎಫ್‌ಎಸ್‌ಎಚ್ 25 ದಾಟಿದ್ರೆ ಅದನ್ನ ಅಂಡಾಶಯದ ಅಕಾಲ ದುರ್ಬಲತೆ ಅಂತೀವಿ. ಮೆನೋಪಾಸಲ್ಲಿ ಅಂಡಾಶಯ ಬಾಗಿಲು ಹಾಕಿರತ್ತೆ, ಇದ್ರಲ್ಲಿ ಆವಾಗಾವಾಗ ತೆಗೆಯತ್ತೆ. ನೂರರಲ್ಲಿ ಐದು ಜನರ ಹತ್ರತ್ರ ತಾವಾಗೇ ಬಸಿರಾಗೋದೂ ಇದೆ. ಅದು ಸಣ್ಣ ಸಂಖ್ಯೆ, ಅದನ್ನ ದೊಡ್ಡದು ಮಾಡಿ ನಿಮಗೆ ಹೇಳಲ್ಲ, ಆದ್ರೆ ಸೊನ್ನೆ ಅಲ್ಲ.

2024ರ ಮಾರ್ಗಸೂಚಿ ಪ್ರಕಾರ ಒಂದು ಸಲದ ಎಫ್‌ಎಸ್‌ಎಚ್ ಸಾಕು, ಸಂಶಯ ಇದ್ರೆ 4-6 ವಾರ ಬಿಟ್ಟು ಇನ್ನೊಂದ್ಸಲ ನೋಡ್ತಾರೆ. ಕಾರಣ ಹುಡುಕೋಕೆ ಕ್ರೋಮೋಸೋಮ್ ಟೆಸ್ಟ್, ಫ್ರಜೈಲ್ ಎಕ್ಸ್ ಜೀನ್ ಟೆಸ್ಟ್, ಥೈರಾಯ್ಡ್, ಅಡ್ರಿನಲ್ ಆ್ಯಂಟಿಬಾಡಿ ಮಾಡಿಸಿ. ಎಷ್ಟೋ ಜನರಿಗೆ ಕಾರಣ ಸಿಗೋದೇ ಇಲ್ಲ, ಸಿಗದಿದ್ರೆ ನೀವೇನೋ ತಪ್ಪು ಮಾಡಿದ್ರಿ ಅಂತ ಅಲ್ಲ. ಮಗು ವಿಷಯದಲ್ಲಿ ದಾನಿಯ ಅಂಡಾಣುವಿನಿಂದ ಬಸಿರಾಗೋ ದಾರಿ ಚೆನ್ನಾಗೇ ಕೆಲಸ ಮಾಡತ್ತೆ, ಆದ್ರೆ ಅದನ್ನ ಈ ತಿಂಗಳೇ ತೀರ್ಮಾನ ಮಾಡ್ಬೇಕಾಗಿಲ್ಲ, ಅತ್ತು ಮುಗೀಲಿ ಮೊದಲು. ಈಗಲೇ ತುರ್ತಾಗಿ ಬೇಕಾಗಿರೋದು ಬೇರೆ, ಈಸ್ಟ್ರೊಜೆನ್. ಈ ವಯಸ್ಸಿಗೆ ಅದಿಲ್ದೆ ಹೋದ್ರೆ ಮೂಳೆ ಸವೆಯತ್ತೆ, ಹೃದಯಕ್ಕೂ ಒಳ್ಳೇದಲ್ಲ, ಹಾಗಾಗಿ ಸಹಜವಾಗಿ ಮುಟ್ಟು ನಿಲ್ಲೋ ವಯಸ್ಸಿನ ತನಕ ಹಾರ್ಮೋನ್ ತಗೋಬೇಕು. ಅದನ್ನ ಯಾರೂ ನಿಮಗೆ ಹೇಳಿಲ್ಲ ಅಂತ ಪತ್ರದಿಂದ ಗೊತ್ತಾಗ್ತಿದೆ, ಈ ವಾರವೇ ಹೋಗಿ ಕೇಳಿ.

ಪ್ರಶ್ನೆ: ನನ್ನ ಹೆಂಡತಿಗೆ ಎಲ್ಲ ಹಾರ್ಮೋನ್ ಟೆಸ್ಟೂ ಆಯ್ತು, ಎರಡೆರಡು ಸಲ. ಎಲ್ಲ ನಾರ್ಮಲ್. ಎರಡೂವರೆ ವರ್ಷ ಆಯ್ತು. ಇನ್ಯಾವ ಹಾರ್ಮೋನ್ ಬಾಕಿ ಇದೆ ಮೇಡಂ?

ಉತ್ತರ: ನೀವು ಕಳ್ಸಿರೋ ಹನ್ನೊಂದು ರಿಪೋರ್ಟನ್ನೂ ನೋಡಿದೆ, ಹನ್ನೊಂದರಲ್ಲೂ ಅವರ ಹೆಸರೇ ಇದೆ. ನಿಮ್ಮ ಹೆಸರಿನದು ಒಂದೂ ಇಲ್ಲ. ಎರಡೂವರೆ ವರ್ಷದಲ್ಲಿ ಅವರು ಎಷ್ಟು ಸಲ ತೋಳು ಚಾಚಿ ಸೂಜಿ ಚುಚ್ಚಿಸ್ಕೊಂಡಿದಾರೆ ಅಂತ ಲೆಕ್ಕ ಹಾಕಿ. ಮಗು ಆಗದ ದಂಪತಿಗಳಲ್ಲಿ ಹತ್ರತ್ರ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರತ್ತೆ, ಒಂದೋ ಅದೇ ಕಾರಣ, ಇಲ್ಲಾ ಎರಡೂ ಕಡೆ ಸ್ವಲ್ಪ ಸ್ವಲ್ಪ. ನಿಮ್ಮ ಮನಸಲ್ಲಿ ಕೆಟ್ಟದ್ದಿಲ್ಲ ಅಂತ ಗೊತ್ತು, ನೀವೇ ಕೂತು ಪತ್ರ ಬರೆದಿದೀರಿ, ಬಹುಶಃ ನಿಮಗೆ ಯಾರೂ ಹೇಳೇ ಇಲ್ಲ.

ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ. ಎರಡರಿಂದ ಏಳು ದಿನ ಸಂಪರ್ಕ ಬಿಟ್ಟು ಹೋಗಿ, ಲ್ಯಾಬಲ್ಲೇ ಕೊಡೋದು ಒಳ್ಳೇದು, ಮನೇಲೇ ತಗೊಂಡ್ರೆ ಒಂದು ಗಂಟೆ ಒಳಗೆ ತಲುಪಿಸಿ, ಡಬ್ಬಿಯನ್ನ ಮೈ ಬಿಸಿ ತಾಗೋ ಹಾಗೆ ಅಂಗಿ ಒಳಗಿಟ್ಕೊಂಡು ಹೋಗಿ. 2021ರ ವಿಶ್ವ ಆರೋಗ್ಯ ಸಂಸ್ಥೆ ಕೈಪಿಡಿ ಪ್ರಕಾರ ಎಂಎಲ್‌ಗೆ 16 ಮಿಲಿಯನ್ ವೀರ್ಯಾಣು, ಚಲನೆ ನೂರಕ್ಕೆ 42, ಇವು ಕೆಳಗಿನ ಮಿತಿ. ಕಮ್ಮಿ ಬಂದ್ರೆ ಅವತ್ತೇ ಕುಸಿದು ಕೂರ್ಬೇಡಿ, ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು, ಆ ಅವಧಿಯಲ್ಲಿ ಬಂದಿದ್ದ ಜ್ವರ ಕೂಡ ರಿಪೋರ್ಟಲ್ಲಿ ಕಾಣತ್ತೆ, ಮೂರು ತಿಂಗಳು ಬಿಟ್ಟು ಇನ್ನೊಂದು ಮಾಡಿಸಿ. ತೀರಾ ಕಮ್ಮಿ ಇದ್ರೆ ಆಗ ನಿಮಗೂ ಎಫ್‌ಎಸ್‌ಎಚ್, ಟೆಸ್ಟೋಸ್ಟೆರಾನ್ ನೋಡ್ತಾರೆ, ಅದು ಬೆಳಿಗ್ಗೆನೇ ಕೊಡ್ಬೇಕು. ಅವರ ಎಚ್‌ಎಸ್‌ಜಿಯೂ ಆ ಹನ್ನೊಂದರಲ್ಲಿಲ್ಲ, ಅದು ಮುಟ್ಟು ನಿಂತ ಮೇಲೆ, ಅಂಡಾಣು ಬಿಡುಗಡೆಗೆ ಮುಂಚೆ, ಹೆಚ್ಚಾಗಿ 6ರಿಂದ 11ನೇ ದಿನದೊಳಗೆ ಮಾಡ್ತಾರೆ. ಅವರಿಗೆ ಆ ದಿನ ಹೊಟ್ಟೆ ಹಿಂಡಿದ ಹಾಗೆ ನೋವು ಬರಬಹುದು, ರಜೆ ಹಾಕಿ ಜೊತೇಲಿ ಹೋಗಿ, ನಿಮ್ಮ ರಿಪೋರ್ಟನ್ನೂ ಅವತ್ತೇ ಅದೇ ಫೈಲಿಗೆ ಸೇರ್ಸಿ.